ದಾರಿಹೋಕರ ಲೆಕ್ಕ

ಅಮೆರಿಕದಲ್ಲೊಂದು ಯಂತ್ರವಿದೆಯಂತೆ. ನಾಳೆ ಯಾವ ರಸ್ತೆಯಲ್ಲಿ ಎಷ್ಟು ಜನ ಓಡಾಡುತ್ತಾರೆ, ಎಲ್ಲಿಗೆ ಬಸ್ಸು ಬೇಕು ಎಂಬುದನ್ನು ಇವತ್ತೇ ಲೆಕ್ಕ ಹಾಕಿ ಹೇಳಿಬಿಡುತ್ತದಂತೆ. ಪತ್ರಿಕೆಯಲ್ಲಿ ಇದನ್ನು ಓದಿದವರಿಗೆಲ್ಲ ಬೆರಗಾದರೆ ನನಗೆ ಹೊಟ್ಟೆಕಿಚ್ಚಾಯಿತು. ಅದೇ ಕೆಲಸವನ್ನು ನಾನು ಹುಣಿಸೆಮರದ ಕೆಳಗೆ ಕೂತು ಸೀಸದಕಡ್ಡಿಯಲ್ಲಿ ಮಾಡಿದವನು. ಮಾಡಿದ ಮೇಲೆ ಯಂತ್ರಕ್ಕೆ ನಾಚಿಕೆಯಾಗುವುದಿಲ್ಲ ನೋಡಿ, ಅದು ಅದರ ಪುಣ್ಯ.

ಆಗ ನಾನು ಮಧುಗಿರಿಯಿಂದ ಐ.ಡಿ.ಹಳ್ಳಿಗೆ ಹೋಗುವ ಕಡೆಯ ಒಂದು ಊರಿನಲ್ಲಿ ಮಿಡ್ಲಿಸ್ಕೂಲ್ ಮೇಷ್ಟ್ರು. ಊರಿಗೆ ಬಸ್ಸು ಬೇಕೆಂದು ಅರ್ಜಿ ಹೋಗಿತ್ತು. ದಾರಿಯಲ್ಲಿ ಕೂತು ಮೂರು ದಿನ ಹೋಗಿಬರುವವರನ್ನು ಎಣಿಸಿ ಕಳಿಸಿ ಎಂದು ನನಗೆ ಹುಕುಂ ಬಂತು. ಜನವಾಗಲಿ, ದನವಾಗಲಿ, ಸರ್ಕಾರಕ್ಕೆ ಎಣಿಸಿಕೊಡಲು ಮೇಷ್ಟ್ರೇ ಆಗಬೇಕು.

ಮೊದಲ ದಿನ ನಾಲ್ಕು ಗಾಡಿ, ಒಂದು ಸೈಕಲ್ಲು, ಬೆರಳೆಣಿಕೆಯ ಜನ. ಎರಡನೆಯ ದಿನ ನೋಡಿದರೆ ದಿಬ್ಬಣ ಹೊರಟ ಹಾಗೆ! ಮಧ್ಯಾಹ್ನದ ಹೊತ್ತಿಗೆ ಗುಟ್ಟು ತಿಳಿಯಿತು. ನನ್ನೆದುರು ಹಾದುಹೋದವರು ಕೆರೆ ಏರಿ ಸುತ್ತಿಕೊಂಡು ಊರು ಸೇರಿ, ಮತ್ತೆ ಹೊರಟು ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸುತ್ತಿದವರು ಶಿರಾದಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಕಲಾಯಿ ಸಾಬರು. ಒಮ್ಮೆ ಟೋಪಿ, ಒಮ್ಮೆ ರುಮಾಲು, ಒಮ್ಮೆ ಬರಿತಲೆ. ಗಡ್ಡ ಮಾತ್ರ ಅದೇ.

ಅವರ ಮಗಳು ಜೈನಬಿ ನನ್ನ ಶಿಷ್ಯೆ, ಲೆಕ್ಕದಲ್ಲಿ ತರಗತಿಗೇ ಮೊದಲು. ಹೈಸ್ಕೂಲಿದ್ದದ್ದು ಮಧುಗಿರಿಯಲ್ಲಿ. ಒಂದು ಕಾಲು ಸೊರಗಿದ್ದ ಹುಡುಗಿ ಅಷ್ಟು ದೂರ ನಡೆಯುವ ಹಾಗಿರಲಿಲ್ಲ. ಬಸ್ಸು ಬಂದರೆ ಓದು, ಇಲ್ಲದಿದ್ದರೆ ಇಲ್ಲ.

"ಸಾಬ್ರೇ, ಇದು ಹನ್ನೊಂದನೇ ಸಲ" ಎಂದೆ.

"ಔದು ಮೇಷ್ಟ್ರೇ. ಖುದಾ ಕಸಮ್, ಹನ್ನೊಂದು ಕಿತಾನೂ ನಾನೇ ನಡ್ದಿದ್ದು. ಅದ್ರಾಗೆ ಸುಳ್ ಎಲ್ಲೈತೆ ಯೋಳಿ? ಆ ಮಗೀಗೆ ನಡಿಯಕ್ಕಾಗಲ್ಲ, ಅದ್ರದ್ದೂ ನಾನೇ ನಡೀತಿವ್ನಿ."

ನನಗೋ ಸತ್ಯವಂತನೆಂಬ ಜಂಬ. ಹನ್ನೊಂದರಲ್ಲಿ ಹತ್ತು ಗೆರೆ ಹೊಡೆದು ಹಾಕಿದೆ. ಹರಿಶ್ಚಂದ್ರ ಸತ್ಯಕ್ಕಾಗಿ ತನ್ನ ಹೆಂಡತಿ ಮಗನನ್ನು ಮಾರಿದ. ನಾನು ಪರರ ಮಗಳನ್ನು. ಅವನಿಗೆ ಕೊನೆಗೆ ದೇವರು ಪ್ರತ್ಯಕ್ಷನಾದ, ನನಗೆ ಕಾಗದ ಬಂತು: ಜನಸಂಚಾರ ಸಾಲದು, ಬಸ್ಸು ಅನಗತ್ಯ, ಎಣಿಕೆ ಮಾತ್ರ ಅಚ್ಚುಕಟ್ಟಾಗಿದೆ. ನಡೆಯಲಾಗದೆ ಮನೆಯಲ್ಲೇ ಕೂತವರಿಗೆ ಆ ಫಾರಂನಲ್ಲಿ ಕಾಲಂ ಇರಲಿಲ್ಲ. ಬಸ್ಸು ಬೇಕಾಗಿದ್ದದ್ದು ಅವರಿಗೇ ಅಲ್ಲವೇ? ಇಷ್ಟು ಹೊಳೆಯದ ನಾನು ಲೆಕ್ಕದ ಮೇಷ್ಟ್ರು!

ನಾಲ್ಕು ವರ್ಷದ ಮೇಲೆ ಬಸ್ಸು ಬಂತು. ಯಾರೋ ದೊಡ್ಡವರು ಮನಸ್ಸು ಮಾಡಿದರಂತೆ. ಯಾರೂ ಏನನ್ನೂ ಎಣಿಸಲಿಲ್ಲ. ಓಡಿಹೋಗಿ ಜೈನಬಿಗೆ ಹೇಳಿದೆ. ಹೊಲಿಗೆ ಯಂತ್ರದ ಹಿಡಿ ತಿರುಗಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಂಗೀಗ ಹದ್ನೆಂಟು ಮೇಷ್ಟ್ರೇ, ಇನ್ನೆಲ್ಲಿ ಹೈಸ್ಕೂಲು? ನೀವ್ಯಾಕೆ ನೊಂದ್ಕಂತೀರಾ ಬುಡಿ. ನಿಮ್ ಲೆಕ್ಕ ತಪ್ಪಿರ್ಲಿಲ್ಲ. ನಾನಾಗಿದ್ರೂ ಅಂಗೇ ಬರೀತಿದ್ದೆ. ನೀವೇ ಅಲ್ವಾ ಕಲ್ಸಿದ್ದು?"

ಆ ಬಸ್ಸನ್ನು ನಾನು ಇವತ್ತಿನವರೆಗೂ ಹತ್ತಿಲ್ಲ. ಮಧುಗಿರಿಗೆ ನಡೆದೇ ಹೋಗಿಬರುತ್ತೇನೆ. ಎಣಿಸುವವರು ಯಾರೂ ಇಲ್ಲ.