ತಲೆ ಬಗ್ಗಿಸಿದರೆ ಜಡೆ

ಊಟಿಯ ಹತ್ತಿರದ ನಮ್ಮ ಇತ್ತಲಾರಿನಲ್ಲಿ ಹಿರಿಯರೆದುರು ತಲೆ ಬಗ್ಗಿಸುವುದನ್ನು ಯಾರೂ ಕಲಿಸಿಕೊಡುವುದಿಲ್ಲ. ನಡೆಯಲು ಕಲಿತ ಮಗುವಿನ ಕತ್ತು ತಾನಾಗಿಯೇ ಬಾಗುತ್ತದೆ. ಬಾಗಿದ ತಲೆಯ ಮೇಲೆ ಹಿರಿಯರು ಕೈಯಿಟ್ಟು, ಒಂದು ಸಾವಿರವಾಗಲಿ, ಕಾಯಿಲೆ ಕಸಾಲೆ ಹತ್ತಿರ ಸುಳಿಯದಿರಲಿ ಎಂದು ಒಂದೇ ಉಸಿರಿನಲ್ಲಿ ಹರಸುತ್ತಾರೆ. ಊರು ಬಿಟ್ಟು ಹೊರಡುವವರಿಗೆ ಇನ್ನೂ ಒಂದು ಸಾಲು ಹೆಚ್ಚು: ಹೋದ ದಾರಿ ಒಳ್ಳೆಯದಾಗಲಿ, ಹೋದ ಕಾಲು ಹಾಗೇ ತಿರುಗಿ ಬರಲಿ. ನಮ್ಮ ಹೆತ್ತೆ, ಎಂದರೆ ಅಪ್ಪನ ತಾಯಿ, ಈ ವಿಷಯದಲ್ಲಿ ಬಹಳ ಧಾರಾಳಿ. ಪರೀಕ್ಷೆಗೆ ಹೊರಟವರಿಗೆ, ಊಟಿಗೆ ಹಲ್ಲು ಕೀಳಿಸಲು ಹೊರಟವರಿಗೆ, ಕೆತ್ತಿಯ ನೆಂಟರ ಮನೆಗೆ ಹೊರಟವರಿಗೆ, ಎಲ್ಲರಿಗೂ ಪೂರ್ತಿ ಹಾರೈಕೆ. ಬಸ್ಸಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದರೂ ಒಂದಕ್ಷರ ಬಿಟ್ಟವಳಲ್ಲ.

ಅಂಥವಳು ನಾನು ಆಫ್ರಿಕಕ್ಕೆ ಹೊರಟ ದಿನ ಎರಡೂ ಕೈಗಳನ್ನು ತಾನು ಹೊದ್ದ ಬಿಳಿ ಮುಂಡಿನೊಳಗೆ ಬಚ್ಚಿಟ್ಟುಕೊಂಡಳು.

ನನಗಾಗ ಇಪ್ಪತ್ನಾಲ್ಕು. ಮೈಸೂರಿನಲ್ಲಿ ಓದು ಮುಗಿಸಿ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಿದ್ದೆ. ಮಲಾವಿ ದೇಶದ ದಕ್ಷಿಣದ ತುದಿಯಲ್ಲಿ ಮುಲಾಂಜೆ ಎಂಬ ಬೆಟ್ಟದ ಸೀಮೆಯಿದೆ. ಅಲ್ಲಿನ ಸಣ್ಣ ಟೀ ಬೆಳೆಗಾರರ ಜೊತೆ ಒಂದು ವರ್ಷ ಇದ್ದು ಕೆಲಸ ಮಾಡಲು, ಟೀ ಬೆಳೆಯುವ ಮನೆಗಳ ಹುಡುಗ ಹುಡುಗಿಯರು ಬೇಕೆಂದು ಒಂದು ಸಂಸ್ಥೆ ಕರೆದಿತ್ತು. ನನಗೆ ಟೀ ಗೊತ್ತು, ಊರು ಸುತ್ತುವ ಚಪಲವೂ ಇತ್ತು. ಅರ್ಜಿ ಹಾಕಿದೆ, ಸಿಕ್ಕಿಬಿಟ್ಟಿತು. ಹೆತ್ತೆಯ ಲೆಕ್ಕಾಚಾರ ಬಹಳ ಸರಳ. ಹರಸಿದರೆ ತಾನೇ ಹೋಗುವುದು? ಹರಸದಿದ್ದರೆ ಹೇಗೆ ಹೋಗುತ್ತಾಳೆ?

"ಎನ್ನ ಕೈ ಇಲ್ಲದೆ ನೀ ಎಂಗೆ ಹೋಪೆ?" ಎಂದು ಜಗಲಿಯ ಮೇಲೆ ಗಟ್ಟಿಯಾಗಿ ಕೂತಳು.

ನಾನೂ ಅವಳ ಮೊಮ್ಮಗಳೇ. ಹಟದಲ್ಲಿ ಒಂದು ಕೈ ಮೇಲು. ತಲೆ ಬಗ್ಗಿಸಿ ನಿಂತೆ. ಅವ್ವೆ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಮಸಿನಗುಡಿಯಲ್ಲಿ ಪ್ರವಾಸಿಗಳಿಗೆ ಜೀಪು ಓಡಿಸುವ ಮಾಮ ನನ್ನನ್ನು ಕೊಯಮತ್ತೂರಿನ ವಿಮಾನಕ್ಕೆ ಬಿಡಲು ಬಂದು ಎಂಜಿನ್ ಚಾಲೂ ಇಟ್ಟುಕೊಂಡಿದ್ದ. ಕತ್ತು ನೋಯುವವರೆಗೂ ನಿಂತೆ. ಮುಂಡಿನೊಳಗಿಂದ ಕೈ ಹೊರಬರಲಿಲ್ಲ. ಕೊನೆಗೆ ಸಿಟ್ಟಿನಿಂದ ಹೋಗಿ ಜೀಪು ಹತ್ತಿದೆ. ಮಾಮ ಘಾಟಿ ಇಳಿಯುವವರೆಗೂ ಸಿಂಹದ ಮಾತೇ ಆಡಿದ. ಸಿಂಹ ಕಂಡ ತಕ್ಷಣ ಫೋಟೋ ಕಳಿಸಬೇಕಂತೆ, ಅದನ್ನು ಜೀಪಿಗೆ ಅಂಟಿಸಿಕೊಳ್ಳುತ್ತಾನಂತೆ. ನಾನು ನಗಲಿಲ್ಲ. ಹೆತ್ತೆಯ ಕೈ ಬೀಳದ ತಲೆಯನ್ನು ಹೊತ್ತುಕೊಂಡು ನಾನು ಅಲ್ಲಿಯವರೆಗೆ ಊಟಿಯ ಪೇಟೆ ದಾಟಿದವಳೂ ಅಲ್ಲ. ಸಿಟ್ಟೇನೋ ಮೆಟ್ಟುಪಾಳ್ಯದಲ್ಲೇ ಇಳಿದುಹೋಯಿತು. ಉಳಿದದ್ದು ಭಯ. ವಿಮಾನ ಸ್ವಲ್ಪ ಅಲುಗಿದಾಗಲೆಲ್ಲ ಕೈ ತಾನಾಗಿ ನನ್ನದೇ ನೆತ್ತಿಗೆ ಹೋಗುತ್ತಿತ್ತು.

ಇನ್ನು ನನ್ನ ಬುದ್ಧಿವಂತಿಕೆಯ ವಿಷಯ. ಆಫ್ರಿಕ ಎಂದರೆ ಸುಡುಬಿಸಿಲು ಎಂದು ನಾಲ್ಕು ಹತ್ತಿ ಕುರ್ತಾ, ಎರಡು ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು ತುಂಬಿಕೊಂಡಿದ್ದೆ. ಅವ್ವೆ ಚೀಲದಲ್ಲಿಟ್ಟ ಸ್ವೆಟರನ್ನು ಅವಳು ನೋಡದಾಗ ತೆಗೆದು ಮಂಚದ ಕೆಳಗೆ ತಳ್ಳಿದ್ದೆ. ಮುಲಾಂಜೆಗೆ ಇಳಿದದ್ದು ಜೂನ್ ತಿಂಗಳಲ್ಲಿ. ಅಲ್ಲಿ ಆ ಹೊತ್ತಿಗೆ ಚಿಪೆರೋನಿ ಎಂಬ ಸೋನೆ ಹಿಡಿಯುತ್ತದೆ. ಮೂರು ದಿನ, ನಾಲ್ಕು ದಿನ ಬಿಡದೆ ಮಂಜು, ಜಿನುಗು ಮಳೆ, ಮೂಳೆ ಕೊರೆಯುವ ಚಳಿ. ಕಣ್ಣು ಹಾಯಿಸಿದ ಕಡೆಯೆಲ್ಲ ಟೀ ತೋಟ, ಅದರ ಹಿಂದೆ ಮೋಡ ಹೊದ್ದ ಬೆಟ್ಟ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎನಿಸಿತು. ಊಟಿಯ ಚಳಿಯಲ್ಲಿ ಹುಟ್ಟಿ ಬೆಳೆದವಳು ಆಫ್ರಿಕದಲ್ಲಿ ಹಲ್ಲು ಕಟಕಟ ಎನ್ನುತ್ತ ನಿಂತಿದ್ದನ್ನು ಕಂಡು ಅಲ್ಲಿನ ಟೀ ಹೆಂಗಸರು, ಪಾಪ, ಇಂಡಿಯಾ ತುಂಬ ಸೆಕೆಯ ದೇಶವಿರಬೇಕು ಎಂದು ಮರುಗಿದರು. ಅವರಿಗೆ ಎಲೆ ಚಿವುಟುವ ಕ್ರಮ ತೋರಿಸುವುದು ನನ್ನ ಕೆಲಸ. ಮೊದಲ ದಿನ ನಾನು ಅರ್ಧ ಬುಟ್ಟಿ ತುಂಬಿಸುವಷ್ಟರಲ್ಲಿ ಅವರಲ್ಲೊಬ್ಬಳು ತನ್ನದು ಮುಗಿಸಿ, ನನ್ನದನ್ನೂ ತುಂಬಿಸಿ, ಬೆನ್ನು ತಟ್ಟಿ ಹೋದಳು.

ನಾನಿದ್ದದ್ದು ಒಬ್ಬ ಮುದುಕಿಯ ಮನೆಯಲ್ಲಿ. ಅಲ್ಲಿ ಅಜ್ಜಿಗೆ ಅಗೊಗೊ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಮಗ, ಸೊಸೆ, ಮೊಮ್ಮಕ್ಕಳು, ಕೋಳಿಗಳು, ಎಲ್ಲವೂ ತುಂಬಿಕೊಂಡ ಮನೆ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ತೊಳಸಿ ಮಾಡುವ ಅವರ ನ್ಸಿಮಾವನ್ನು ಮೊದಲ ಬಾರಿ ಕೈಯಲ್ಲಿ ಮುರಿದಾಗ, ನಮ್ಮ ಮನೆಯ ರಾಗಿ ಹಿಟ್ಟಿನ ಮುದ್ದೆ ಸ್ನಾನ ಮಾಡಿ ಬಂದಂತಿದೆ ಎನಿಸಿತು. ಪಕ್ಕದಲ್ಲಿ ನಮ್ಮ ಅವರೆಕಾಯಿ ಸಾರಿನ ಬದಲು ಕುಂಬಳದ ಸೊಪ್ಪು. ಅಗೊಗೊಗೆ ನನ್ನ ಭಾಷೆ ಬಾರದು. ನನಗೆ ಅವಳ ಭಾಷೆಯಲ್ಲಿ ಬರುತ್ತಿದ್ದದ್ದು ನಮಸ್ಕಾರ, ಸಾಕು, ಇನ್ನೂ ಸ್ವಲ್ಪ ಎಂಬ ಮೂರೇ.

ಅಲ್ಲಿ ಹಿರಿಯರನ್ನು ಕಂಡರೆ ಹೆಣ್ಣುಮಕ್ಕಳು ಮಂಡಿ ಬಗ್ಗಿಸಿ ಮೆಲ್ಲಗೆ ಕೈ ತಟ್ಟುತ್ತಾರೆ. ನನ್ನ ಮಂಡಿಗೆ ಅದು ಗೊತ್ತಿರಲಿಲ್ಲ, ಕತ್ತಿಗೆ ಮಾತ್ರ ನಮ್ಮೂರಿನ ಅಭ್ಯಾಸ ಗೊತ್ತಿತ್ತು. ಬೆಳಿಗ್ಗೆ ಎದ್ದು ಹೊರಬಂದರೆ ಅಗೊಗೊ ಅಂಗಳದಲ್ಲಿ ಕೂತಿರುತ್ತಿದ್ದಳು. ನಾನು ಹೋಗಿ ತಲೆ ಬಗ್ಗಿಸಿ ನಿಲ್ಲುತ್ತಿದ್ದೆ. ಸುಳ್ಳೇಕೆ ಹೇಳಲಿ, ಬರೀ ಅಭ್ಯಾಸದಿಂದಲ್ಲ. ಊರಿನಲ್ಲಿ ಸಿಗದೆ ಉಳಿದದ್ದು ಇಲ್ಲಾದರೂ ಸಿಗಲಿ ಎಂಬ ಆಸೆಯಿತ್ತು. ಮೊದಲ ದಿನ ಅವಳು, ನಾನು ಏನಾದರೂ ಬೀಳಿಸಿಕೊಂಡೆನೇನೋ ಎಂದು ನೆಲ ನೋಡಿದಳು. ಎರಡನೆಯ ದಿನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ಮೂರನೆಯ ದಿನ ಸೊಸೆಯನ್ನು ಕರೆದು, ಇಬ್ಬರೂ ಸೇರಿ ನನ್ನ ಕೂದಲು ಬಿಡಿಸಿ ಬಿಡಿಸಿ ಹೇನು ಹುಡುಕಿದರು. ಸಿಗಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸಲು ಇಷ್ಟಪಡುತ್ತೇನೆ.

ನಾಲ್ಕನೆಯ ದಿನ ಭಾನುವಾರ. ನಾನು ತಲೆ ಬಗ್ಗಿಸಿದ ಕೂಡಲೇ ಅಗೊಗೊಗೆ ಏನೋ ಹೊಳೆದಂತಾಯಿತು. ಚಾಪೆ ಹಾಸಿದಳು, ನನ್ನನ್ನು ಎದುರಿಗೆ ಕೂರಿಸಿಕೊಂಡು ಮಂಡಿಗಳ ನಡುವೆ ನನ್ನ ತಲೆಯನ್ನು ಸಿಕ್ಕಿಸಿಕೊಂಡಳು. ಆಮೇಲೆ ನೆತ್ತಿಯ ಮೇಲೆ ಸಾಲು ತೆಗೆದು, ಬುಡದಿಂದಲೇ ಬಿಗಿಯಾಗಿ ಹೆಣೆಯತೊಡಗಿದಳು. ನನ್ನ ಎಣ್ಣೆಗೂದಲು ಜಾರುತ್ತಿತ್ತು. ಅವಳು ಬಿಡಲಿಲ್ಲ, ಬಟ್ಟೆ ಸೋಪು ಹಾಕಿ ತೊಳೆಸಿ ಮತ್ತೆ ಕೂರಿಸಿದಳು. ನಾಲ್ಕು ಗಂಟೆ. ನನಗೆ ಗೊತ್ತಿದ್ದ ಮೂರು ಮಾತುಗಳಲ್ಲಿ ಸಾಕು ಎಂಬುದನ್ನು ಹತ್ತು ಸಲ ಹೇಳಿದೆ. ಹುಬ್ಬು ಮೇಲೇರಿ ಕಣ್ಣು ಮುಚ್ಚಲು ಬಾರದಂತಾದ ಮೇಲೆ, ಕೊನೆಯದಾಗಿ ಸಾಲುಗಳು ಕೂರಲಿ ಎಂದು ಅವಳು ಎರಡೂ ಅಂಗೈಗಳನ್ನು ನನ್ನ ನೆತ್ತಿಯ ಮೇಲಿಟ್ಟು ಒತ್ತಿ ಹಿಡಿದಳು. ಹೊಗೆಯ, ಹುರಿದ ಕಡಲೆಕಾಯಿಯ ವಾಸನೆಯ ಕೈಗಳು. ಹಾಗೆ ಒತ್ತಿದ್ದಷ್ಟು ಹೊತ್ತು ನಾನು ಮನಸ್ಸಿನೊಳಗೆ ಹೆತ್ತೆಯ ಹಾರೈಕೆಯನ್ನು ನಾನೇ ಹೇಳಿಕೊಂಡೆ. ಕದ್ದು ತಿಂದಂತಿತ್ತು, ಆದರೂ ಸಮಾಧಾನವಾಯಿತು. ಅಂದಿನಿಂದ ನಿದ್ದೆ ಬಂತು.

ಪಕ್ಕದ ಮನೆಯ ಶಾಲೆ ಟೀಚರಿಗೆ ಇಂಗ್ಲಿಷ್ ಬರುತ್ತಿತ್ತು. ಅವರು ವಿಷಯ ತಿಳಿಸಿದರು. ಪ್ರತಿದಿನ ಈ ಹುಡುಗಿ ತಲೆ ಚಾಚುತ್ತಾಳೆ, ಅವಳೂರಿನಲ್ಲಿ ಯಾರೂ ತಲೆ ಕಟ್ಟುವವರಿಲ್ಲವೇನೋ, ಎಂಥ ಸೋಮಾರಿ ಜನ ಎಂದು ಅಗೊಗೊ ಕೇರಿಗೆಲ್ಲ ಹೇಳಿದ್ದಳಂತೆ. ನಾನು ನಿಜ ಹೇಳಿದೆ. ಟೀಚರು ನಕ್ಕು, ಈಗಲೇ ಹೋಗಿ ಅವಳಿಗೆ ವಿವರಿಸುತ್ತೇನೆ ಎಂದು ಎದ್ದರು. ಬೇಡ ಎಂದು ಅವರ ಕೈ ಹಿಡಿದು ಕೂರಿಸಿದೆ. ತಿಳಿಸಿದರೆ ಒಂದು ಗಳಿಗೆ ಕೈಯಿಟ್ಟು ಕಳಿಸಿಬಿಡುತ್ತಾಳೆ. ತಿಳಿಯದಿದ್ದರೆ ನಾಲ್ಕು ಗಂಟೆ. ಇತ್ತಲಾರಿನ ಜನರೆಲ್ಲ ಸೋಮಾರಿಗಳೆಂಬ ಕೆಟ್ಟ ಹೆಸರು ಮುಲಾಂಜೆಯಲ್ಲಿ ಇಂದಿಗೂ ಇದ್ದರೆ ಅದಕ್ಕೆ ನಾನೇ ಕಾರಣ.

ಆ ತಲೆ ಹೊತ್ತುಕೊಂಡೇ ದೇಶ ಸುತ್ತಿದೆ. ಹದಿನಾಲ್ಕು ಜನರ ಮಿನಿಬಸ್ಸಿನಲ್ಲಿ ಇಪ್ಪತ್ತೆರಡನೆಯವಳಾಗಿ ಜೊಂಬಾದ ಬೆಟ್ಟಕ್ಕೆ ಹೋದೆ, ಸಮುದ್ರದಷ್ಟು ದೊಡ್ಡ ಸರೋವರದ ದಡದಲ್ಲಿ ಹುರಿದ ಮೀನು ತಿಂದೆ. ಬಸ್ಸಿನ ಮುದುಕಿಯರು ನನ್ನ ನೆತ್ತಿಯನ್ನು ಹತ್ತಿರದಿಂದ ನೋಡಿ, ಕೆಲಸ ಚೆನ್ನಾಗಿದೆ, ಕೂದಲು ಮಾತ್ರ ಉಪಯೋಗವಿಲ್ಲ ಎಂದು ತೀರ್ಪು ಕೊಡುತ್ತಿದ್ದರು. ಸಿಂಹವೊಂದನ್ನು ಬಿಟ್ಟು ಎಲ್ಲ ಕಂಡೆ. ನನ್ನ ಬಳಿ ಬಂದ ಏಕೈಕ ಕಾಡುಪ್ರಾಣಿ ಬಾಳೆಹಣ್ಣು ಕಿತ್ತುಕೊಂಡು ಹೋದ ಒಂದು ಮಂಗ. ಅದಕ್ಕೆ ಮಸಿನಗುಡಿಯೇ ಸಾಕಿತ್ತು.

ಈ ನಡುವೆ ಹೆತ್ತೆ ಒಂದು ದಿನವೂ ಫೋನಿಗೆ ಬಂದಿರಲಿಲ್ಲ. ಅವ್ವೆ ವೀಡಿಯೋ ಹಾಕಿದರೆ ಹಿಂದಿನಿಂದ ಪಾತ್ರೆಯ ಸದ್ದು ಮಾತ್ರ ಜೋರಾಗಿ ಕೇಳುತ್ತಿತ್ತು. ಎರಡು ತಿಂಗಳಾದ ಮೇಲೆ ಹೆಣೆದ ತಲೆಯ ಫೋಟೋ ಕಳಿಸಿದೆ. ಮರುದಿನವೇ ಕರೆ ಬಂತು. ತೆರೆಯ ತುಂಬ ಹೆತ್ತೆಯ ಒಂದು ಕಿವಿ.

"ಎಮ್ಮ ಮನೆಯ ತಲೆ ಅದು. ಬೇರೆ ಹೆತ್ತೆಗ ಕೊಟ್ಟೆಯಾ?"

"ನೀ ಕೈ ಇಡಲಿಲ್ಲೆ ತಾನೇ, ಹೆತ್ತೆ," ಎಂದೆ.

ಕಿವಿ ಸರಿಯಿತು, ಕರೆ ನಿಂತಿತು. ಹೇಳಬಾರದಿತ್ತು ಎಂದು ಆ ಕೂಡಲೇ ಅನಿಸಿತು. ಆಮೇಲೆ ವರ್ಷ ಮುಗಿಯುವವರೆಗೂ ಪಾತ್ರೆಯ ಸದ್ದೂ ಕೇಳಲಿಲ್ಲ. ಇನ್ನು ಊರಿಗೆ ಹೋದರೂ ಆ ಕೈ ನನ್ನ ತಲೆಗೆ ಬಾರದೇನೋ ಎಂಬ ಚಿಂತೆ ಹತ್ತಿಕೊಂಡಿತು.

ಹೊರಡುವ ಹಿಂದಿನ ದಿನ ಅಗೊಗೊ ನನ್ನನ್ನು ಚಾಪೆಯ ಮೇಲೆ ಕೂರಿಸಿ ಹೊಸದಾಗಿ ಹೆಣೆದಳು. ಎಂದಿಗಿಂತ ಬಿಗಿ. ಆ ಸೋಮಾರಿ ಜನರ ಊರು ಮುಟ್ಟುವವರೆಗಾದರೂ ಬಿಚ್ಚದಿರಲಿ ಎಂದಳೆಂದು ಟೀಚರು ಹೇಳಿದರು. ಕೊನೆಗೆ ಅಂಗೈಗಳನ್ನು ಇಟ್ಟು ಒತ್ತಿದವಳು ಬಹಳ ಹೊತ್ತು ತೆಗೆಯಲಿಲ್ಲ. ನಾನು ಅತ್ತೆ. ಬಿಗಿದದ್ದರಿಂದ ನೋವಾಯಿತೆಂದುಕೊಂಡು ಅವಳು ಒಂದು ಸುಟ್ಟ ಮೆಕ್ಕೆಜೋಳದ ತೆನೆ ಕೊಟ್ಟಳು.

ಕೊಯಮತ್ತೂರಿನಲ್ಲಿ ಮಾಮ ನನ್ನ ತಲೆಯ ಸಾಲುಗಳನ್ನು ಸುತ್ತ ಬಂದು ನೋಡಿದ.

"ತಲೆಯ ಮೇಲೆ ಎಸ್ಟೇಟ್ ಹಾಕಿಯೇ ಬಂದೆಯಾ? ಸಿಂಹ ಕಂಡೆಯಾ?"

"ಇಲ್ಲೆ ಮಾಮ."

ಘಾಟಿಯುದ್ದಕ್ಕೂ ಅವನು ಈ ಇಲ್ಲೆಯನ್ನು ನೆನೆದು ನೆನೆದು ನಕ್ಕ.

ಹೆತ್ತೆ ಅದೇ ಜಗಲಿಯ ಮೇಲೆ ಮೊರದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಾನು ಹೋಗಿ ತಲೆ ಬಗ್ಗಿಸಿದೆ. ಅವರೆಯಿಂದ ಕೈ ಮೇಲೇಳಲಿಲ್ಲ. ಕಾಳು ಮೊರಕ್ಕೆ ಬೀಳುವ ಸದ್ದು ಕೇಳುತ್ತ ನಿಂತೆ. ಈ ಸಲ ಮಾತ್ರ ಎಷ್ಟು ಹೊತ್ತಾದರೂ ಸರಿ, ಸಿಟ್ಟು ಮಾಡಿಕೊಂಡು ಹೋಗುವುದಿಲ್ಲ ಎಂದು ವಿಮಾನದಲ್ಲೇ ನಿಶ್ಚಯಿಸಿಕೊಂಡಿದ್ದೆ. ಕೊನೆಗೆ ಅವಳು ಮೊರ ಪಕ್ಕಕ್ಕಿಟ್ಟು ಮಣೆಯೊಂದನ್ನು ಕಾಲಲ್ಲಿ ಮುಂದಕ್ಕೆ ತಳ್ಳಿದಳು.

"ಇಲ್ಲಿ ಕುಳಿ."

ಕೂತೆ. ಅವಳ ಬೆರಳುಗಳು ಮೊದಲ ಸಾಲನ್ನು ಬಿಚ್ಚತೊಡಗಿದವು. ಇಷ್ಟು ಬಿಗಿ ಯಾಕೆ, ಇದೇನು ಎಮ್ಮೆಗೆ ಹಗ್ಗ ಕಟ್ಟಿದಂತೆ ಎಂದು ಬೈದುಕೊಂಡಳು. ಎರಡನೆಯ ಸಾಲಿಗೆ ಬಂದಾಗ ಹೆಣೆದವಳ ವಯಸ್ಸೆಷ್ಟು ಎಂದು ಕೇಳಿದಳು. ಮೂರನೆಯದಕ್ಕೆ, ಅವಳಿಗೆ ಎಮ್ಮೆ ಎಷ್ಟಿವೆ ಎಂದಳು. ಎಮ್ಮೆ ಇಲ್ಲ, ಕೋಳಿ ಇವೆ ಎಂದೆ. "ಕೋಳಿ ಮಾತ್ರವಾ!" ಎಂದು ಬಹಳ ಸಂತೋಷಪಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಹೇನು ಹುಡುಕಿದ್ದು, ಬಟ್ಟೆ ಸೋಪು, ನಾಲ್ಕು ಗಂಟೆ, ಅಗೊಗೊ ಅಂಗೈ ಒತ್ತಿದಾಗ ಒಳಗೊಳಗೇ ನಾನು ಹೇಳಿಕೊಂಡದ್ದು. ಅಲ್ಲಿಗೆ ಹೆತ್ತೆಯ ಬೆರಳುಗಳು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಿಚ್ಚಿದಳು, ಈಗ ನೋಯದಂತೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದೇ ಸಾಲು ಉಳಿದಿತ್ತು, ಎಡಗಿವಿಯ ಹಿಂದಿನದು. ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಬಿಟ್ಟಳು.

"ಇದು ಆ ಹೆತ್ತೆಯದು. ಇರಲಿ."

ಆಮೇಲೆ ನನ್ನ ನೆತ್ತಿಯ ಮೇಲೆ ಕೈಯಿಟ್ಟಳು. ಅವರೆಸಿಪ್ಪೆಯ ವಾಸನೆಯ ಕೈ. ಒಂದು ಸಾವಿರವಾಗಲಿ ಎಂದಳು, ಕಾಯಿಲೆ ಕಸಾಲೆ ಸುಳಿಯದಿರಲಿ ಎಂದಳು. ಅಲ್ಲಿಗೆ ನಿಲ್ಲಬೇಕಿತ್ತು, ನಾನು ತಿರುಗಿ ಬಂದಾಗಿತ್ತಲ್ಲ. ಅವಳು ನಿಲ್ಲಲಿಲ್ಲ. ಹೋದ ದಾರಿ ಒಳ್ಳೆಯದಾಗಲಿ, ಹೋದ ಕಾಲು ಹಾಗೇ ತಿರುಗಿ ಬರಲಿ ಎಂದು, ಹೊರಡುವವರಿಗೆ ಹೇಳುವುದನ್ನೂ ಪೂರ್ತಿ ಹೇಳಿದಳು, ಒಂದು ವರ್ಷ ತಡವಾಗಿ, ಒಂದಕ್ಷರವೂ ಬಿಡದೆ.