ಹೊಟ್ಟೆ ತುಂಬಿದ ಸ್ಟ್ರೈಕರ್

ನನ್ನ ಅಳಿಯ ಮಿರಾನ್ ಚೆಂಡು ಒದ್ದು ಸಂಸಾರ ಸಾಕುತ್ತಾನೆ. ಮಗಳು ಸ್ತೆಫಾ ಅವನನ್ನು ಮೊದಲ ಸಲ ಮನೆಗೆ ಕರೆತಂದಾಗ, "ಒದೆಯೋದು ಸರಿ, ಕೆಲಸ ಏನು ಮಾಡ್ತಾನೆ?" ಎಂದು ನಾನು ಕೇಳಿದ್ದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅನಾಥಾಲಯದಲ್ಲಿ ಬೆಳೆದ ಹುಡುಗ, ಮೂಳೆಯ ಮೇಲೆ ಚರ್ಮ ಅಷ್ಟೇ. "ನಾಚ್ಕೊಂಡು ಕೂತ್ರೆ ಹೊಟ್ಟೆ ತುಂಬಲ್ಲ, ಹಾಕ್ಕೋ," ಎಂದು ಗದರಿ ಇನ್ನೊಂದು ಸೌಟು ಬಡಿಸಿದೆ.

ನಮ್ಮದು ಬೆರೆಜಿನಾ ನದಿಯ ದಂಡೆಯ ಊರು. ಅಗಸೆ ನಾರಿನ ಗಿರಣಿ ಇದೆ, ಗಿರಣಿಗೊಂದು ಫುಟ್‌ಬಾಲ್ ತಂಡ ಇದೆ. ನಾನು ಆ ಗಿರಣಿಯಲ್ಲಿ ನೂಲು ತೆಗೆದೇ ಮುದುಕಿಯಾದವಳು. ಮಿರಾನ್ ಆ ತಂಡದ ಸ್ಟ್ರೈಕರ್. ಹರೆಯದಲ್ಲಿ ಮಿನ್ಸ್ಕ್‌ನ ದೊಡ್ಡ ಕ್ಲಬ್ಬೊಂದು ಅವನನ್ನು ಕರೆಸಿಕೊಂಡಿತು. ಎರಡು ವರ್ಷ ಅಲ್ಲಿ ಮೈದಾನಕ್ಕೆ ಇಳಿಯದೆ ಬೆಂಚು ಬೆಚ್ಚಗೆ ಮಾಡಿ ವಾಪಸು ಬಂದ. "ಅಲ್ಲಿ ಎಲ್ಲಾರೂ ಓಡ್ತಾರೆ ಅತ್ತೆ," ಎಂದಷ್ಟೇ ಹೇಳಿದ. ಆಮೇಲೆ ಕಜಾಕಿಸ್ತಾನಕ್ಕೆ ಹೋಗಿ ಮೊಣಕಾಲು ಮುರಿದುಕೊಂಡ, ಆಪರೇಷನ್ ಆಯಿತು, ಮತ್ತೆ ನಮ್ಮ ಗಿರಣಿಯ ತಂಡಕ್ಕೇ ಬಂದ.

ಅವನು ಓಡುವವನಲ್ಲ. ಗೋಲಿನ ಹತ್ತಿರ ಏನೋ ಯೋಚನೆ ಮಾಡುತ್ತಾ ನಿಂತಿರುತ್ತಾನೆ, ಚೆಂಡು ಅದಾಗಿಯೇ ಅವನನ್ನು ಹುಡುಕಿಕೊಂಡು ಬರುತ್ತದೆ. "ಏ ಮಿರಾನ್, ಕುರ್ಚಿ ಕಳಿಸ್ಲಾ?" ಎಂದು ಜನ ಕಿಚಾಯಿಸುತ್ತಿದ್ದರು. ಗೋಲು ಬಿದ್ದ ಮೇಲೆ ಅದೇ ಜನ ಅವನಿಗೆ ಬಿಯರ್ ಕೊಡಿಸುತ್ತಿದ್ದರು.

ಅವನಿಗೆ ಮೂವತ್ತೈದಾದ ವರ್ಷ ಗಿರಣಿಗೆ ಕಜಿಮಿರ್ ಎಂಬ ಹೊಸ ಡೈರೆಕ್ಟರ್ ಬಂದ. ನವೆಂಬರ್‌ನ ಕೊನೆಯ ಮ್ಯಾಚ್ ನೋಡಿ ಮಿರಾನ್‌ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡುತ್ತೇನೆ ಎಂದ. ಬಿಟ್ಟರೆ ಪೋಲೆಂಡಿನಲ್ಲಿ ಲಾರಿ ಓಡಿಸುವ ಕೆಲಸ ಮಿರಾನ್‌ಗೆ ಸಿದ್ಧವಾಗಿತ್ತು. ಸ್ತೆಫಾ, ಮೊಮ್ಮಗಳು ಉಲ್ಯಾನಾ, ಎಲ್ಲರೂ ಹೊರಟುಬಿಡುತ್ತಾರೆ. ಮಗಳು ಆಗಲೇ ಪಾತ್ರೆಗಳನ್ನು ಡಬ್ಬಕ್ಕೆ ತುಂಬತೊಡಗಿದ್ದಳು. ನನಗೆ ಅನ್ನ ನೀರು ರುಚಿಸುತ್ತಿರಲಿಲ್ಲ.

ಮ್ಯಾಚಿನ ಹಿಂದಿನ ದಿನ ಮೊಣಕಾಲುದ್ದ ಹಿಮ ಬಿತ್ತು. ಮರುದಿನ ಮಧ್ಯಾಹ್ನದೊಳಗೆ ಮೈದಾನ ಸ್ವಚ್ಛವಾಗದಿದ್ದರೆ ನಾವು ಆಡದೆಯೇ ಸೋತಂತೆ. ಬೆಳಗಾಗುತ್ತಲೇ ಊರಿಗೆ ಊರೇ ಸಲಿಕೆ ಹಿಡಿದು ಬಂದು ನಿಂತಿತು. ಇದಕ್ಕೆ ನಾವು ತಲಕಾ ಅನ್ನುತ್ತೇವೆ. ತಲಕಾಕ್ಕೆ ಬಂದವರಿಗೆ ಕೂಲಿ ಇಲ್ಲ, ಊಟ ಉಂಟು. ಉಣ್ಣದೆ ಹೋದರೆ ಬಡಿಸಿದವರ ಮುಖಕ್ಕೆ ಹೊಡೆದಂತೆ. ಗಿರಣಿಯ ಅಡುಗೆಮನೆಯ ಬೀಗ ತೆಗೆಸಿ ಒಲೆಯ ಮುಂದೆ ನಾನೇ ನಿಂತೆ. ತುರಿದ ಆಲೂಗೆಡ್ಡೆಯನ್ನು ದೋಸೆಯ ಹಾಗೆ ಹುಯ್ದ ದ್ರಾನಿಕಿ, ಮೇಲೆ ಹುಳಿ ಕೆನೆ, ಪಕ್ಕಕ್ಕೆ ಹಂದಿಮಾಂಸದ ಸಾರು.

ಆಟಗಾರರೂ ಹಿಮ ಎತ್ತಿದ್ದರು. ಮಿರಾನ್ ಬಾಗಿಲಲ್ಲಿ ನಿಂತು, "ಅತ್ತೆ, ಇನ್ನು ಸ್ವಲ್ಪ ಹೊತ್ತಿಗೆ ಆಟ ಇದೆ," ಎಂದ.

"ಇರ್ಲಿ. ಮೈ ಬಗ್ಗಿಸಿ ದುಡಿದೋನು ಬರೀ ಹೊಟ್ಟೇಲಿ ಹೋದ್ರೆ ಊರೋರು ನನ್ನ ಏನಂತಾರೆ? ಕೂತ್ಕೋ."

ಅವನು ಕೂತ. ಅವನು ಕೂತದ್ದು ನೋಡಿ ಇಡೀ ತಂಡ ಕೂತಿತು. ಕೋಚ್ ರಿಹೋರ್ ಒಳಗೆ ಬಂದವನು ತಲೆ ಮೇಲೆ ಕೈ ಹೊತ್ತ. "ಯಾನಿನಾ ಅಕ್ಕ, ನನ್ನ ತಂಡಾನ ಮುಗಿಸಿಬಿಟ್ರಲ್ಲ."

"ನೀನೂ ಒಂದು ತಟ್ಟೆ ತಗೊಳ್ಳಪ್ಪ, ಆಮೇಲೆ ಅಳು," ಎಂದೆ. ತಗೊಂಡ.

ಅಷ್ಟರಲ್ಲಿ ಎದುರಾಳಿ ತಂಡದ ಬಸ್ಸು ಬಂತು. ಬೇರೆ ದೇಶದವರಾಗಿದ್ದರೆ ಒಳಗೇ ಬೆಚ್ಚಗೆ ಕೂತಿರುತ್ತಿದ್ದರೇನೋ. ಇವರು ನಮ್ಮವರೇ ತಾನೆ, ಜನ ದುಡಿಯುವುದನ್ನು ನೋಡುತ್ತಾ ಕೂರಲಾಗದೆ ಇಳಿದು ಸಲಿಕೆ ಹಿಡಿದರು. ಸಲಿಕೆ ಹಿಡಿದ ಮೇಲೆ ಉಣ್ಣಲೇಬೇಕು. ಅವರಿಗೂ ಕೈ ಬಿಚ್ಚಿ ಬಡಿಸಿದೆ. ಅವರ ಗೋಲ್‌ಕೀಪರ್ ಮೂರು ಸಲ ಹಾಕಿಸಿಕೊಂಡ, ಒಳ್ಳೆಯ ಹುಡುಗ.

ಅಂಥ ಆಟವನ್ನು ನಮ್ಮೂರು ಹಿಂದೆ ಕಂಡಿರಲಿಲ್ಲ. ಎರಡೂ ತಂಡಗಳು ಮೇದು ಬಂದ ಹಸುಗಳ ಹಾಗೆ ಮೆಲ್ಲಗೆ ಅಡ್ಡಾಡುತ್ತಿದ್ದವು. ಓಡುವವರೆಲ್ಲ ಏದುಸಿರು ಬಿಡುತ್ತಾ ನಿಂತರು. ಎಂದಿನಂತೆ ಆಡುತ್ತಿದ್ದವನು ಒಬ್ಬನೇ, ಎಂದೂ ಓಡದ ನನ್ನ ಅಳಿಯ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಚೆಂಡು ಕಂಬಕ್ಕೆ ಬಡಿದು ಈಚೆ ಬಂತು. ಅದು ಬೀಳುವ ಜಾಗದಲ್ಲಿ ಮಿರಾನ್ ಮೊದಲೇ ನಿಂತಿದ್ದ. ಮೊಣಕಾಲಿನಲ್ಲೇ ಒಳಗೆ ತಳ್ಳಿದ. ನಾನು ಕೈಯಲ್ಲಿದ್ದ ಸೌಟು ಎತ್ತಿ ಕುಣಿದೆ ಅಂತ ಉಲ್ಯಾನಾ ಈಗಲೂ ಎಲ್ಲರಿಗೂ ಹೇಳುತ್ತಾಳೆ.

ಆಟ ಮುಗಿದ ಮೇಲೆ ಕಜಿಮಿರ್ ನನ್ನ ಹತ್ತಿರ ಬಂದು, "ಇನ್ನೊಂದು ವರ್ಷ ಇರ್ಲಿ ಬಿಡಿ, ಯಾನಿನಾ ಅಮ್ಮ," ಎಂದ. ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಸುದ್ದಿ ಹೇಳಲು ಆಟಗಾರರ ಕೋಣೆಗೆ ಓಡಿದೆ.

ಎಲ್ಲರೂ ಹೊರಟುಹೋಗಿದ್ದರು. ಮಿರಾನ್ ಒಬ್ಬನೇ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲು ಊದಿ ಕೆಂಪಗಾಗಿತ್ತು, ಅದಕ್ಕೆ ಹಿಮದ ಗಂಟು ಕಟ್ಟಿಕೊಂಡಿದ್ದ. ಸುದ್ದಿ ಕೇಳಿ ತಲೆಯಾಡಿಸಿದ, ಅಷ್ಟೇ.

"ಇದು ಯಾವಾಗಿಂದ ಹೀಗಿದೆ?"

"ಎರಡು ವರ್ಷ ಆಯ್ತು. ಸ್ತೆಫಾಗೆ ಹೇಳ್ಬೇಡಿ."

ನನಗೆ ಸಿಟ್ಟು ಬಂತು. "ತಲೆ ಕೆಟ್ಟಿದ್ಯಾ ನಿಂಗೆ? ಲಾರೀಲಿ ಆರಾಮಾಗಿ ಕೂತು ಓಡಿಸೋ ಕೆಲಸ ಬಿಟ್ಟು ಈ ಕಾಲಲ್ಲಿ ಇನ್ನೊಂದು ವರ್ಷ ಒದೀತೀಯಾ? ಯಾರಿಗೋಸ್ಕರ?"

ಅವನು ಬೂಟಿನ ದಾರ ಬಿಚ್ಚುತ್ತಾ ಹೇಳಿದ. "ಅಲ್ಲಿ ನೀವಿರಲ್ವಲ್ಲ ಅತ್ತೆ. ಊಟ ಮಾಡು ಅಂತ ನನ್ನ ಗದರಿದೋರು ನೀವೊಬ್ರೇ."

ಎಂಥ ಅಳಿಯನನ್ನು ಕೊಟ್ಟೆಯಪ್ಪಾ ದೇವರೇ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಕೆಳಗೆ ಕೂತು ಇನ್ನೊಂದು ಬೂಟಿನ ದಾರವನ್ನು ನಾನೇ ಬಿಚ್ಚಿದೆ.