ನಕ್ಕು ಕೊಟ್ಟ ಕಡಸು

ಕಳೆದ ವಾರ ನಾನು ಕೋರ್ಟಿನಲ್ಲಿ ನಿಜ ಹೇಳಿದೆ. ಆರೋಪಿ ಬಿಡುಗಡೆಯಾದ.

ನಾನು ಆರೋಪಿಯ ಕಡೆಯವನಲ್ಲ. ಸರಕಾರದ ಕಡೆಯ ಸಾಕ್ಷಿ. ಕಣ್ಣಾರೆ ಕಂಡವನು ನಾನೊಬ್ಬನೇ.

ಕಂಡದ್ದು ಇಷ್ಟು. ಮದುವೆಯ ಕಾಗದ ಕೊಡಲು ನಾರಾವಿ ಕಡೆಗೆ ಹೋಗಿದ್ದೆ. ಮೂಡುಬಿದಿರೆಗೆ ಮರಳುವ ಬಸ್ಸು ಬರಲಿಲ್ಲ. (ಆ ಬಸ್ಸಿನ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದು ಕಂಡಕ್ಟರನಿಂದ ಬೈಸಿಕೊಂಡಿದ್ದೇನೆ.) ಬಾಯಾರಿಕೆಯಾಗಿ ರಸ್ತೆ ಬದಿಯ ಮನೆಯೊಂದರ ಜಗಲಿ ಹತ್ತಿದೆ. ಮನೆಯಾಕೆ ಸುಂದರಿ ನೀರು, ಬೆಲ್ಲ ತಂದಿಟ್ಟಳು. ಗಂಡ ದೇಜಪ್ಪ ಕೂಲಿಗೆ ಹೋಗಿದ್ದ. ಅಂಗಳದಲ್ಲಿ ಒಂದು ಕಡಸು ಕಟ್ಟಿತ್ತು. ಮೊದಲ ಗಬ್ಬ. ಅದರ ಮೈ ತಿಕ್ಕುತ್ತಾ ಆಕೆ, "ಇದು ಕರು ಹಾಕಿದ್ರೆ ಮಕ್ಕಳಿಗೆ ಹಾಲಾಗ್ತದೆ" ಎಂದಳು.

ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದ. ಕೇಳದೆಯೇ ಕುಳಿತ.

"ಕಾಡಿನಲ್ಲಿ ಯಾರೋ ಬೀಟಿ ಮರ ಕಡಿದಿದ್ದಾರೆ ಮಾರಾಯ್ತಿ. ಮೇಲಿನವರು ಹೆಸರು ಕೇಳ್ತಾ ಇದ್ದಾರೆ. ನಾನು ಯಾರ ಹೆಸರು ಬರೆಯುವುದು?"

ಸುಂದರಿ ಅವನಿಗೂ ನೀರು ತಂದಿಟ್ಟಳು.

"ದೇಜಪ್ಪನ ಹತ್ತಿರ ಕೊಡಲಿ ಉಂಟಲ್ಲ?"

"ಕೊಡಲಿ ಎಲ್ಲರ ಮನೆಯಲ್ಲೂ ಉಂಟು ಸ್ವಾಮಿ."

"ಉಂಟು, ಉಂಟು." ಗಾರ್ಡ್ ಅಂಗಳದತ್ತ ನೋಡಿದ. "ಕಡಸು ಒಳ್ಳೆ ಬೆಳೆದಿದೆ."

ಸುಂದರಿ ನಕ್ಕಳು. "ನಿಮಗೆ ಬೇಕಾದ್ರೆ ಕೊಂಡು ಹೋಗಿ ಸ್ವಾಮಿ" ಎಂದು ಹಗ್ಗ ಬಿಚ್ಚಿ ಅವನ ಕೈಗೇ ಕೊಟ್ಟಳು. ಅವನು ಬೇಲಿಯ ದಣಪೆ ದಾಟುವವರೆಗೂ ನಗುತ್ತಲೇ ಇದ್ದಳು. ಆಮೇಲೆ ಒಳಗೆ ಹೋದವಳು ಹೊರಗೆ ಬರಲಿಲ್ಲ.

ದೇಜಪ್ಪ ಸುಮ್ಮನಿರುವವನಲ್ಲ. ಬೆಳ್ತಂಗಡಿಗೆ ನಡೆದು ದೂರು ಕೊಟ್ಟ. ನನ್ನನ್ನು ಹುಡುಕಿಕೊಂಡು ಮೂಡುಬಿದಿರೆಗೂ ಬಂದ. "ನೀವು ನೋಡಿದ್ದೀರಿ. ನೋಡಿದ್ದನ್ನು ಹೇಳಿದ್ರೆ ಸಾಕು" ಎಂದ. ಇಲ್ಲ ಎನ್ನುವುದು ಹೇಗೆ?

ವಕೀಲ ಮಿತ್ರರೊಬ್ಬರು ಕಾನೂನು ತಿಳಿಸಿದರು. ಹೆದರಿಸಿ ಪಡೆದರೆ ಸುಲಿಗೆ. ಕೆಲಸ ಆಗಲೆಂದು ಕೊಟ್ಟರೆ ಲಂಚ, ಮತ್ತು ಲಂಚ ಕೊಟ್ಟವರೂ ತಪ್ಪಿತಸ್ಥರು. "ಆದ್ದರಿಂದ ಹೆದರಿಕೆ ಸಾಬೀತಾಗಬೇಕು. ಇಲ್ಲದಿದ್ದರೆ ಆ ಹೆಂಗಸಿಗೇ ಕಷ್ಟ."

ಕಟಕಟೆಯಲ್ಲಿ ಗಾರ್ಡಿನ ವಕೀಲರು ನನ್ನನ್ನು ಬಹಳ ಮರ್ಯಾದೆಯಿಂದಲೇ ಕೇಳಿದರು.

"ಆರೋಪಿ ಕಡಸನ್ನು ಕೊಡು ಎಂದು ಕೇಳಿದರೇ?"

"ಬಾಯಿಬಿಟ್ಟು ಕೇಳಲಿಲ್ಲ. ಆದರೆ—"

"ಹೊಡೆದರೇ? ಗದರಿಸಿದರೇ?"

"ಇಲ್ಲ."

"ಕೊಡುವಾಗ ಆಕೆ ಅಳುತ್ತಿದ್ದಳೇ?"

"ಇಲ್ಲ. ನಗುತ್ತಿದ್ದಳು. ಆದರೆ ಆ ನಗು—"

"ನಗುತ್ತಿದ್ದಳು. ಅಷ್ಟು ಸಾಕು."

ನನ್ನ 'ಆದರೆ'ಗಳನ್ನು ಯಾರೂ ಬರೆದುಕೊಳ್ಳಲಿಲ್ಲ. ಖಾಕಿಯ ಮುಂದೆ ನಮ್ಮವರು ಹೇಗೆ ನಗುತ್ತಾರೆಂದು ನಿಮಗೆ ಗೊತ್ತು. ನೀವೂ ನಕ್ಕಿದ್ದೀರಿ, ನಾನೂ ನಕ್ಕಿದ್ದೇನೆ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತು, ಆ ನಗು ಮಾತ್ರ ಹಾಗೇ ಉಳಿಯಿತು. ಅದನ್ನು ಕೋರ್ಟಿಗೆ ವಿವರಿಸುವುದು ಹೇಗೆ? ಹಲ್ಲು ಕಂಡರೆ ಸಂತೋಷ ಎಂದು ತಾನೇ ಲೆಕ್ಕ?

ಭಯ ಸಾಬೀತಾಗಿಲ್ಲ ಎಂದು ತೀರ್ಪಾಯಿತು. ಸಂಶಯದ ಲಾಭ ಗಾರ್ಡಿಗೆ ಸಿಕ್ಕಿತು. ಕಡಸೂ ಅವನಲ್ಲೇ ಉಳಿಯಿತು, ನಗುತ್ತಾ ಕೊಟ್ಟದ್ದಲ್ಲವೇ?

ದೇಜಪ್ಪ ನನ್ನ ಮುಖ ನೋಡಲಿಲ್ಲ. ಬೀಟಿ ಮರದ ಕೇಸಿನಲ್ಲಿ ಈಗ ಅವನ ಹೆಸರಿದೆ. ದೂರು ಕೊಟ್ಟ ಮರುವಾರವೇ ಸೇರಿದ್ದು. ವಿಚಾರಣೆ ಇನ್ನೂ ಆಗಬೇಕು. ಅವನು ಬೀಡಿ ಹಚ್ಚಿ ಬಸ್ ನಿಲ್ಲುವ ಕಡೆಗೆ ನಡೆದ.

ಸುಂದರಿ ಮಾತ್ರ ಗೇಟಿನ ಹತ್ತಿರ ನಿಂತಿದ್ದಳು. ಹತ್ತಿರ ಹೋಗಿ, "ನನ್ನಿಂದ ನಿಮಗೆ ಉಪಕಾರ ಆಗಲಿಲ್ಲ" ಎಂದೆ.

"ನಾನು ನಕ್ಕದ್ದು ಹೌದಲ್ಲ. ನೀವು ಸುಳ್ಳು ಹೇಳುವುದು ಹೇಗೆ?" ಎಂದಳು. ಆಮೇಲೆ ಸುತ್ತ ನೋಡಿ, ಸ್ವರ ತಗ್ಗಿಸಿ ಕೇಳಿದಳು:

"ಕಡಸು ಅವರ ಮನೆಯಲ್ಲಿ ಕರು ಹಾಕಿದೆಯಂತೆ. ಹೆಣ್ಣಾ ಗಂಡಾ ಅಂತ ಹೋಗಿ ಕೇಳಿದ್ರೆ, ಅದಕ್ಕೂ ಕೇಸಾಗ್ತದಾ?"